ನಾಲ್ಕನೇ ಜ್ವರ ಎದ್ದ ದಿನ

ಆಗಲ್ಲ ಅಂದವರು ನಮ್ಮ ದೊಡ್ಡಪ್ಪ. ಊರಿನ ಯಾರೋ ಅಂದಿದ್ದರೆ ಮರೆತುಬಿಡುತ್ತಿದ್ದೆ. ಅಪ್ಪ ಹೋದ ಮೇಲೆ ನಮ್ಮ ಮನೆಗೆ ದಿಕ್ಕು ಅಂತ ಇದ್ದದ್ದೇ ದೊಡ್ಡಪ್ಪ. ಹೊಂಗನೂರಿನ ನಮ್ಮ ಮನೆ ಜಗಲಿ ಮೇಲೆ ಕೂತು, ಬೀಡಿ ಹಚ್ಚಿ, ಒಂದು ದಮ್ಮು ಎಳೆದು, ನನಗೆ ಮಂಗಳೂರಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ ಅಂತ ಅವ್ವ ಹೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇದು:

"ನಮ್ ವಂಸದಲ್ಲಿ ಡಿಗ್ರಿ ಮೊಕ ನೋಡ್ದೋರಿಲ್ಲ. ಇವ್ಳು ಅಲ್ಲೀಗಂಟ ಹೋಗಿ ಡಿಗ್ರಿ ತಕ್ಕಂಡ್ ಬಂದ್ರೆ ನಾನು ಚಂದ್ರಿಕೆ ಹತ್ತಿ ಗೂಡ್ ಕಟ್ತೀನಿ ಕಣವ್ವಾ."

ನಮ್ಮದು ರೇಷ್ಮೆ ಮನೆ. ಮೇಯ್ದು ಬಲಿತು ಹಣ್ಣಾದ ಹುಳ ಗೂಡು ಕಟ್ಟಲಿ ಅಂತ ಬಿಡುವ ಬಿದಿರಿನ ತಟ್ಟಿಗೆ ಚಂದ್ರಿಕೆ ಅನ್ನುತ್ತೇವೆ. ಬೆರಳುದ್ದದ ಹುಳ ಕೂರುವ ಜಾಗ. ದೊಡ್ಡಪ್ಪ ಆಳು ದಪ್ಪ, ಪಂಚೆ ಎತ್ತಿ ಕಟ್ಟಿದರೆ ಇನ್ನೂ ದಪ್ಪ ಕಾಣುತ್ತಾರೆ. ಅವರು ಚಂದ್ರಿಕೆ ಹತ್ತಿ ಮುದುರಿ ಕೂರುವುದನ್ನು ನೆನೆಸಿಕೊಂಡು ಜಗಲಿ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕು ಒಳಗೆ ಹೋದ ಮೇಲೆ ಆ ಮಾತು ಹೊಟ್ಟೆಯಲ್ಲಿ ಕೂತುಕೊಂಡಿತು.

ಅವ್ವ ಅವತ್ತು ಅವರಿಗೆ ಎದುರು ಮಾತಾಡಲಿಲ್ಲ. ಸಂಜೆ ಹಿಪ್ಪುನೇರಳೆ ಸೊಪ್ಪು ಕುಯ್ಯುವಾಗ, ನನ್ನ ಮುಖ ನೋಡದೆ ಕೇಳಿದಳು.

"ಆ ಊರಲ್ಲಿ ಸಮುದ್ರ ಐತಂತಲ್ಲ?"

"ಐತೆ ಕಣವ್ವಾ."

"ನಮ್ ಕಣ್ವ ಡ್ಯಾಮ್‌ಗಿಂತ ದೊಡ್ದಾ?"

"ಡ್ಯಾಮ್‌ಗಾದ್ರೆ ಆಚೆ ದಡ ಕಾಣ್ತದೆ. ಅದಕ್ಕೆ ಆಚೆ ದಡಾನೇ ಇಲ್ವಂತೆ."

ಅವ್ವ ಕುಡುಗೋಲು ನಿಲ್ಲಿಸಿ ಒಂದು ಗಳಿಗೆ ಯೋಚನೆ ಮಾಡಿದಳು. ದಡವಿಲ್ಲದ ನೀರು ಅವಳ ಲೆಕ್ಕಕ್ಕೆ ಹತ್ತಲಿಲ್ಲ. "ನೀ ಒಬ್ಳೇ ನೋಡ್ಬುಟ್ಟು ಬಂದ್ಬುಡ್ಬೇಡ. ಡಿಗ್ರಿ ಕೊಡೋ ದಿನ ನಾನೂ ಬತ್ತೀನಿ, ಇಬ್ರೂ ಒಟ್ಗೆ ನೋಡಾನ" ಅಂದಳು. ಅರ್ಧ ತಮಾಷೆಗೆ ಅಂದಿದ್ದು. ನಾನು ಪೂರ್ತಿ ನಿಜಕ್ಕೆ ತಗೊಂಡೆ.

ಸಮುದ್ರದ ಊರಲ್ಲಿ ನಾಲ್ಕು ವರ್ಷ ಇದ್ದು ಸಮುದ್ರ ನೋಡಲಿಲ್ಲ ಅಂದರೆ ಜನ ನಂಬುವುದಿಲ್ಲ. ಹಾಸ್ಟೆಲ್ಲಿನ ಹುಡುಗಿಯರು ಭಾನುವಾರ ಪಣಂಬೂರಿಗೆ ಹೋಗುತ್ತಿದ್ದರು, ಚಪ್ಪಲಿ ತುಂಬ ಮರಳು ತುಂಬಿಕೊಂಡು ಬರುತ್ತಿದ್ದರು. ನನಗೆ ಆ ದಿನ ಹೊಟ್ಟೆನೋವು, ಇಲ್ಲದಿದ್ದರೆ ಬಟ್ಟೆ ಒಗೆಯುವುದು. ಆಸ್ಪತ್ರೆಯ ಮೇಲಿನ ಮಹಡಿ ಕಿಟಕಿಯಿಂದ ತೆಂಗಿನ ತಲೆಗಳ ಆಚೆಗೆ ಒಂದು ಬಿಳೀ ಗೆರೆ ಕಾಣುತ್ತಿತ್ತು. ಅದೇ ಸಮುದ್ರ ಅಂತ ಗೊತ್ತಾದ ಮೇಲೆ ಆ ಕಿಟಕಿ ಕಡೆ ಬೆನ್ನು ಹಾಕಿ ಟಿಫಿನ್ ಬಾಕ್ಸ್ ಬಿಚ್ಚುತ್ತಿದ್ದೆ. ಗೆಳತಿಯರು ಅಂತ ಹತ್ತಿರದವರು ಆಗಲೇ ಇಲ್ಲ. ಸಮುದ್ರಕ್ಕೆ ಒಟ್ಟಿಗೆ ಹೋಗಿ ಬಂದವರು ಒಂದು ಗುಂಪಾದರು. ನಾನು ಬಟ್ಟೆ ಒಗೆಯುವವಳಾಗಿ ಉಳಿದೆ.

ಮಾತೂ ಒಂದು ಕಾರಣ. ನನ್ನ 'ಬತ್ತೀನಿ', 'ಐತೆ' ಕೇಳಿ ನಗುತ್ತಿದ್ದರು. ಹಾಗಂತ ಅವರು ಕೆಟ್ಟವರಲ್ಲ. ನನಗೂ ಅವರ 'ಎಂತ ಉಂಟು' ಕೇಳಿ ನಗು ಬರುತ್ತಿತ್ತು, ಆದರೆ ಒಬ್ಬಳೇ ನಕ್ಕರೆ ಅದು ನಗುವಾಗುವುದಿಲ್ಲ. ಮೊದಲ ವರ್ಷ ಅನಾಟಮಿಯಲ್ಲಿ ಫೇಲಾದೆ. ಕನ್ನಡ ಮೀಡಿಯಂನಿಂದ ಹೋದವಳಿಗೆ ಮೂಳೆಗಳ ಹೆಸರು ಇಂಗ್ಲಿಷಿನಲ್ಲಿ ಹೇಳು ಅಂದರೆ ನಾಲಿಗೆಯೇ ಮುರಿದ ಹಾಗೆ ಆಗುತ್ತಿತ್ತು. ಮತ್ತೆ ಕಟ್ಟಿ ಪಾಸು ಮಾಡಿದೆ. ಇದನ್ನು ಮುಚ್ಚಿಡುವುದಿಲ್ಲ. ಮೊದಲ ಸಲಕ್ಕೇ ಪಾಸಾದವರ ಡಿಗ್ರಿಗಿಂತ ನನ್ನದು ಒಂದು ಕೈ ಜಾಸ್ತಿ ಬೆಲೆಯದು ಅಂತಲೇ ನನ್ನ ಲೆಕ್ಕ.

ಎರಡನೇ ವರ್ಷ ಮಕ್ಕಳ ವಾರ್ಡಿಗೆ ಹಾಕಿದ್ದಾಗ ಆದದ್ದನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ರಾತ್ರಿಯೆಲ್ಲ ಜ್ವರಕ್ಕೆ ಕಾದಿದ್ದ ಒಂದು ಮಗುವಿನ ಮೈ ಬೆಳಿಗ್ಗೆಗೆ ತಣ್ಣಗಾಗಿತ್ತು. ಸಿಸ್ಟರ್ ಬಂದು "ಹೇಗಿದೆ ಮಗು?" ಅಂತ ಕೇಳಿದರು. "ಜ್ವರ ಎದ್ದಿದೆ ಸಿಸ್ಟರ್" ಅಂದೆ. ಅವರು ಥರ್ಮಾಮೀಟರು, ಒದ್ದೆ ಬಟ್ಟೆ ಹಿಡಿದು ಓಡಿದರು. ನೋಡಿದರೆ ಮಗು ಎದ್ದು ಕೂತು ಬಿಸ್ಕತ್ತು ಕಡಿಯುತ್ತಿತ್ತು.

"ಜ್ವರ ಎದ್ದಿದೆ ಅಂದೆಯಲ್ಲ?"

"ಎದ್ದಿದೆಯಲ್ಲ ಸಿಸ್ಟರ್. ನೋಡಿ, ತಿಂತಾ ಇದೆ."

ನಮ್ಮ ಕಡೆ ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ಹುಳ ಮೇಯುವುದು ಬಿಟ್ಟು, ತಲೆ ಮೇಲೆತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ಅದು ಜ್ವರಕ್ಕೆ ಕೂತದ್ದು. ಹಳೇ ಪೊರೆ ಕಳಚಿ ಮತ್ತೆ ಸೊಪ್ಪಿಗೆ ಬಾಯಿ ಹಾಕಿತು ಅಂದರೆ ಜ್ವರ ಎದ್ದಿತು. ಗೂಡು ಕಟ್ಟುವುದಕ್ಕೆ ಮುಂಚೆ ನಾಲ್ಕು ಜ್ವರ. ನಾನು ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಬೇರೆ ಊರಲ್ಲಿ ಅದರ ಅರ್ಥ ತಲೆಕೆಳಗಾಗುತ್ತದೆ ಅಂತ ನನಗೇನು ಗೊತ್ತು? ಅವತ್ತಿನಿಂದ ಹಾಸ್ಟೆಲ್ಲಿನಲ್ಲಿ ನನ್ನನ್ನು 'ಹುಳ' ಅಂತ ಕರೆದರು. ನಾನು ಓಗೊಡುತ್ತಿದ್ದೆ. ಯಾವುದೋ ಒಂದು ಹೆಸರಿಂದ ಕರೆದರಲ್ಲ, ಅಷ್ಟಾದರೂ ಆಯಿತು.

ಕೊನೆಗೆ ಡಿಗ್ರಿ ಕೊಡುವ ದಿನ ಗೊತ್ತಾಯಿತು. ಅವ್ವ ಆ ದಿನಕ್ಕೆ ಮುಂಚೆಯೇ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ ಮುಗಿಸುವ ಹಾಗೆ ಹುಳ ತಂದಳು. ದೊಡ್ಡಪ್ಪನೂ ಜೊತೆಗೆ ಬರುವುದಾಯಿತು, ಅವ್ವ ಒಬ್ಬಳೇ ಅಷ್ಟು ದೂರ ಬಸ್ಸಿನಲ್ಲಿ ಬರುವವಳಲ್ಲ. ಹಾಸ್ಟೆಲ್ ಎದುರಿನ ಸ್ಟ್ಯಾಂಡಿನಲ್ಲಿ ಒಂದು ಕಾರು ಗೊತ್ತು ಮಾಡಿದೆ. ಬೆಳಿಗ್ಗೆ ಸಮಾರಂಭ, ಮಧ್ಯಾಹ್ನದಿಂದ ಊರೆಲ್ಲ ಸುತ್ತಿ, ಸಂಜೆಗೆ ಸಮುದ್ರ. ಮೂರು ಜನ ಅಂತ ಡ್ರೈವರಿಗೆ ಹೇಳಿಟ್ಟೆ.

ಆಮೇಲೆ ಸಮಾರಂಭ ಮುಂದಕ್ಕೆ ಹೋಯಿತು. ಅತಿಥಿಗಳಿಗೆ ಬಿಡುವಿಲ್ಲವಂತೆ. ಅಷ್ಟು ಹೊತ್ತಿಗೆ ಅವ್ವನ ಗೂಡು ಮಾರಿ, ಹುಳದ ಮನೆ ತೊಳೆದು, ಮುಂದಿನ ಸಲದ ಹುಳ ಬಂದಾಗಿತ್ತು. ಹೊಸ ದಿನ ಕೇಳಿದ ತಕ್ಷಣ ಅವ್ವ ಫೋನಿನಲ್ಲಿ ಬೆರಳು ಮಡಿಚುವುದು ನನಗೆ ಗೊತ್ತಾಯಿತು.

"ಅವತ್ಗೆ ಸರ್ಯಾಗಿ ನಾಲ್ಕನೇ ಜ್ವರ ಏಳ್ತವೆ ಕಣವ್ವಾ."

ಅಷ್ಟೇ ಅಂದಳು. ನನಗೆ ಅಷ್ಟೇ ಸಾಕಾಗಿತ್ತು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹೊತ್ತು ಗೊತ್ತು ಇಲ್ಲ, ಹಗಲೂ ಇರುಳೂ ಸೊಪ್ಪು ಬೇಕು. ಒಂದು ಹೊತ್ತು ತಪ್ಪಿದರೆ ಗೂಡು ಜೊಳ್ಳು. ದೊಡ್ಡಪ್ಪ ನೋಡಿಕೊಳ್ಳಬಾರದಿತ್ತಾ ಅಂತ ಕೇಳಬಹುದು. ಅವರು ತೋಟದಿಂದ ಸೊಪ್ಪು ತಂದು ಬಾಗಿಲಲ್ಲಿ ಹಾಕುತ್ತಾರೆ, ಒಳಗೆ ಕಾಲಿಡುವುದಿಲ್ಲ. ಬೀಡಿಯ ಕೈ ಹುಳಕ್ಕೆ ವಿಷ. ಬೀಡಿ ಬಿಡಿ ಅಂತ ಅವ್ವ ನಾನು ಹುಟ್ಟುವುದಕ್ಕೆ ಮುಂಚಿನಿಂದ ಹೇಳುತ್ತಿದ್ದಾಳಂತೆ. ಹಾಗಾಗಿ ಒಬ್ಬರು ಬಾಗಿಲ ಆಚೆ, ಒಬ್ಬರು ಬಾಗಿಲ ಒಳಗೆ, ಇಬ್ಬರಿಗೂ ಊರು ಬಿಡುವ ಹಾಗಿಲ್ಲ.

"ಕಾರ್ ಬ್ಯಾಡ ಅಂದ್ಬುಡ್ತೀನಿ" ಅಂದೆ.

"ಯಾಕ್ ಬ್ಯಾಡ ಅಂದಿಯೆ? ಆ ಡ್ರೈವರಪ್ಪ ಬ್ಯಾರೆ ಬಾಡ್ಗೆ ಬುಟ್ಟಿರ್ತಾನೆ. ನೀ ಹೋಗಿ ನೋಡ್ಕಂಡ್ ಬಾ. ಬಂದು ನಂಗೇಳು."

"ಸಮುದ್ರನೂವಾ?"

"ಅದ್ ನಿನ್ನಿಷ್ಟ ಕಣವ್ವಾ" ಅಂದಳು.

ಸಮಾರಂಭದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಪ್ಪು ಗೌನು ಹಾಕಿದರು, ಸೆಕೆಗೆ ಬೆನ್ನೆಲ್ಲ ನೀರು. ಪ್ರತಿಯೊಬ್ಬರ ಮನೆಯವರಿಗೂ ಎರಡು ಕುರ್ಚಿ ಇಟ್ಟಿದ್ದರು. ನನ್ನ ಎರಡು ಕುರ್ಚಿಯಲ್ಲಿ ಬೇರೆ ಯಾರದೋ ಅಜ್ಜಿ ಮೊಮ್ಮಗುವನ್ನು ಮಲಗಿಸಿಕೊಂಡು ಕೂತಿದ್ದರು. ಒಳ್ಳೆಯದೇ ಆಯಿತು, ಖಾಲಿ ಕಾಣಲಿಲ್ಲ. ನನ್ನ ಹೆಸರು ಕೂಗಿದಾಗ ಆ ಅಜ್ಜಿ, ಯಾರು ಏನು ಅಂತ ಗೊತ್ತಿಲ್ಲದೆ, ಎಲ್ಲರಿಗೂ ತಟ್ಟಿದ ಹಾಗೆ ನನಗೂ ಚಪ್ಪಾಳೆ ತಟ್ಟಿದರು. ಸರ್ಟಿಫಿಕೇಟು ಒಂದು ನೀಲಿ ಫೋಲ್ಡರಿನಲ್ಲಿ ಕೈಗೆ ಬಂತು. ಹೊರಗೆ ಎಲ್ಲರೂ ಅಪ್ಪ ಅಮ್ಮನ ಮಧ್ಯೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ನಾನು ಗೌನು ವಾಪಸ್ಸು ಕೊಡುವ ಸಾಲಿನಲ್ಲಿ ಮೊದಲನೆಯವಳು.

ಕಾರು ಗೇಟಿನ ಹತ್ತಿರ ನಿಂತಿತ್ತು. ಡ್ರೈವರು ಅವ್ವನ ವಯಸ್ಸಿನವರು, ತೆಳ್ಳಗೆ, ಅಂಗಿಯ ಜೇಬಿನಲ್ಲಿ ಬಾಚಣಿಗೆ. ನನ್ನ ಹಿಂದೆ ಯಾರಾದರೂ ಬರುತ್ತಾರಾ ಅಂತ ಬಗ್ಗಿ ನೋಡಿದರು.

"ಮೂರು ಜನ ಅಂತ ಹೇಳಿದ್ರಲ್ಲ ಸಿಸ್ಟರ್?"

"ಇಲ್ಲ ಅಣ್ಣ, ಒಬ್ಬಳೇ."

"ಹೌದಾ. ನಾನು ಹಿಂದಿನ ಸೀಟಿಗೆ ಹೊಸ ಕವರ್ ಹಾಕಿ ತಂದದ್ದು" ಅಂದರು. ಬೇಜಾರೇನೂ ಇರಲಿಲ್ಲ ಆ ಮಾತಿನಲ್ಲಿ, ಸುಮ್ಮನೆ ಹೇಳಿದ್ದು. ನಾನು ಹಿಂದೆಯೇ ಕೂತೆ. ಅವ್ವ ಕೂರಬೇಕಿದ್ದ ಕಿಟಕಿ ಪಕ್ಕಕ್ಕೆ ಫೋಲ್ಡರ್ ಇಟ್ಟೆ. ಮುಂದಿನ ಸೀಟು ದೊಡ್ಡಪ್ಪನದು, ಅದು ಖಾಲಿ ಹೋಯಿತು.

ಮೊದಲು ಕದ್ರಿ. ಗುಡಿಯ ಹಿಂದಿನ ಮೆಟ್ಟಿಲು ಹತ್ತಿದರೆ ಕೆರೆಗಳು, ತಣ್ಣನೆ ನೀರು. ಕೈಮುಗಿದು, ಅವ್ವನ ಹೆಸರು ಹೇಳಿ, ಹುಳದ ಹೆಸರೂ ಹೇಳಿದೆ. ಆಮೇಲೆ ಬಾವುಟಗುಡ್ಡ. ಅಲ್ಲಿ ಹಳೇ ಲೈಟ್‌ಹೌಸ್ ನಿಂತಿದೆ. ಡ್ರೈವರು ಸಮುದ್ರ ಅಲ್ಲಿಂದ ಕಾಣುತ್ತದೆ ಅಂತ ಕೈ ತೋರಿಸಿದರು. ನಾನು ಬೇರೆ ಕಡೆ ತಿರುಗಿ ಬೇಕರಿ ಬೋರ್ಡು ಓದಿದೆ. ಪಕ್ಕದಲ್ಲೇ ಒಂದು ಚಾಪೆಲ್, ಗೋಡೆ, ಚಾವಣಿ ಎಲ್ಲ ಚಿತ್ರ. ಕತ್ತೆತ್ತಿ ನೋಡುತ್ತ ನಿಂತೆ. ಇಷ್ಟು ಎತ್ತರದಲ್ಲಿ ಮಲಗಿಕೊಂಡು ಬರೆದವನ ಕತ್ತು ಏನಾಗಿರಬೇಕು ಅಂತ ಅವ್ವ ಕೇಳಿಯೇ ಕೇಳುತ್ತಿದ್ದಳು. ಅವಳ ಪರವಾಗಿ ನಾನೇ ಕೇಳಿಕೊಂಡು ಹೊರಗೆ ಬಂದೆ.

ಪ್ರತಿ ಜಾಗದಲ್ಲೂ ಡ್ರೈವರು ನನ್ನ ಫೋನಿನಲ್ಲಿ ನನ್ನ ಫೋಟೋ ತೆಗೆದರು. ಪ್ರತಿ ಸಲವೂ ಒಂದೇ ಮಾತು.

"ನಡುವಿಗೆ ಬನ್ನಿ ಮಾರಾಯ್ರೆ. ಯಾಕೆ ಮೂಲೆಗೆ ನಿಲ್ಲುವುದು?"

ನಾನು ನಡುವಿಗೇ ನಿಂತಿದ್ದೇನೆ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಎಲ್ಲ ಫೋಟೋದಲ್ಲೂ ನಾನು ಬಲಕ್ಕೆ, ಎಡಗಡೆ ಒಬ್ಬರು ನಿಲ್ಲುವಷ್ಟು ಜಾಗ. ಆ ಜಾಗ ಇವತ್ತಿಗೂ ಹಾಗೇ ಇದೆ. ನಾನೀಗ ರಾಮನಗರದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ, ಇದನ್ನು ಬರೆಯುವ ಹೊತ್ತಿಗೂ ಅವ್ವ ಸಮುದ್ರ ನೋಡಿಲ್ಲ. ಒಂದು ಬೆಳೆ ಮುಗಿಯುವುದರೊಳಗೆ ಇನ್ನೊಂದಕ್ಕೆ ಮನೆ ತೊಳೆದಿರುತ್ತಾಳೆ.

ಹಂಪನಕಟ್ಟೆಯಲ್ಲಿ ಐಸ್‌ಕ್ರೀಂ ಅಂಗಡಿ ಮುಂದೆ ನಿಲ್ಲಿಸಿ, "ಮಂಗಳೂರಿಗೆ ಬಂದು ಗಡ್‌ಬಡ್ ತಿನ್ನದೆ ಹೋದ್ರೆ ಬಂದದ್ದಕ್ಕೆ ಸಾಕ್ಷಿ ಇಲ್ಲ" ಅಂದರು. ನೀವೂ ಬನ್ನಿ ಅಂದೆ. ಸಕ್ಕರೆ ಕಾಯಿಲೆ ಅಂದರು. ಉದ್ದ ಗ್ಲಾಸು ಬಂತು, ಜೊತೆಗೆ ಎರಡು ಚಮಚ. ಬೇಡದ ಚಮಚವನ್ನು ಹುಡುಗ ವಾಪಸ್ಸು ತೆಗೆದುಕೊಳ್ಳಲಿ ಅಂತ ಕಾದೆ. ಅವನು ನೋಡಲೇ ಇಲ್ಲ. ಆ ಚಮಚದ ಎದುರಿಗೆ ಕೂತು ತಿಂದೆ.

ಅಲ್ಲಿಂದ ಸುಲ್ತಾನ್ ಬತ್ತೇರಿ. ನದಿ ದಡದಲ್ಲಿ ಒಂದು ಕಪ್ಪು ಕಲ್ಲಿನ ಸಣ್ಣ ಕೋಟೆ, ಮೆಟ್ಟಿಲು ಹತ್ತಿದರೆ ತೂಬಿನಂಥ ಕಿಂಡಿಗಳು. ಟಿಪ್ಪು ಕಟ್ಟಿಸಿದ್ದು ಅಂದರು ಡ್ರೈವರು. ನಮ್ಮ ಕಡೆಗೆ ರೇಷ್ಮೆ ತಂದದ್ದೂ ಅವನೇ ಅಂತ ದೊಡ್ಡಪ್ಪ ಹೇಳುತ್ತಿರುತ್ತಾರೆ. ಆ ಕಿಂಡಿಯಲ್ಲಿ ಕಣ್ಣಿಟ್ಟು ನದಿ ನೋಡುತ್ತ, ಪಾಪ, ಅವನಿಗೇನು ಗೊತ್ತಿತ್ತು ಅಂದುಕೊಂಡೆ. ಇಲ್ಲಿ ಕೋಟೆ, ಅಲ್ಲಿ ಹುಳ. ಎರಡರ ಮಧ್ಯೆ ನಾನೊಬ್ಬಳು.

ನದಿಯ ಆಚೆ ತಣ್ಣೀರುಬಾವಿ, ಸಮುದ್ರದ ದಂಡೆ. ದೋಣಿಯಲ್ಲಿ ದಾಟಬಹುದು, ಕಾರಿಗೆ ಕೂಳೂರು ಸೇತುವೆ ಸುತ್ತಬೇಕು.

"ಬೀಚ್ ಬೇಡ ಅಣ್ಣ" ಅಂದೆ.

"ಬೀಚ್ ಬೇಡವಾ? ಮತ್ತೆ ಈ ಊರಲ್ಲಿ ಎಂತ ಉಂಟು? ಇಷ್ಟು ಹೊತ್ತು ತೋರಿಸಿದ್ದೆಲ್ಲ ಬೀಚಿಗೆ ಹೋಗುವ ದಾರಿ ಅಷ್ಟೇ."

ನಾನು ಹೇಳಿದ್ದನ್ನು ಅವರು ಕೇಳಲಿಲ್ಲವೋ, ಕೇಳಿಯೂ ಬಿಟ್ಟರೋ, ಕಾರು ಸೇತುವೆ ಕಡೆ ಹೊರಟಿತು. ಅಷ್ಟರಲ್ಲಿ ಅವ್ವನ ಫೋನು. ಗಾಳಿಗೆ ಕೇಳಿಸದೆ ಸ್ಪೀಕರಿಗೆ ಹಾಕಿದೆ.

"ಕೊಟ್ರಾ ಕಣವ್ವಾ?"

"ಕೊಟ್ರು ಕಣವ್ವಾ. ಕೈಯಾಗೈತೆ. ಅಲ್ಲಿ ಹೆಂಗೆ?"

"ಜ್ವರ ಎದ್ಬುಟ್ಟವೆ. ನಾಲ್ಕನೇದು. ಬೆಳಿಗ್ಗಿಂದ ತಿಂತಾನೇ ಅವೆ, ಎಷ್ಟಾಕಿದ್ರೂ ಸಾಲಕ್ಕಿಲ್ಲ. ನಂಗೆ ಒಸಿ ಕೂರಕೂ ಬುಟ್ಟಿಲ್ಲ."

"ಎಲ್ಲಾ ಎದ್ದವಾ?"

"ಮೂಲೇಲಿರೋವು ಇನ್ನೂ ಎದ್ದಿಲ್ಲ. ಒಂದೆಲ್ಡು ಸತ್ತೋಗಿದ್ದೊ. ಆಯ್ದು ಗುಂಡೀಗೆ ಹಾಕ್ದೆ."

ಕಾರು ನಿಂತಿತು. ಹಿಂದಿನ ಲಾರಿಯವನು ಹಾರನ್ನು ಬಾರಿಸುತ್ತ ಪಕ್ಕದಿಂದ ಹೋದ. ಡ್ರೈವರು ಸೀಟಿನಲ್ಲೇ ಪೂರ್ತಿ ಹಿಂದಕ್ಕೆ ತಿರುಗಿದ್ದರು.

"ಯಾರು ಸತ್ತದ್ದು ಸಿಸ್ಟರ್?"

ನನಗೆ ಮಾತು ಹೊರಡುವುದಕ್ಕೆ ಮುಂಚೆ ಅವರೇ ಮುಂದುವರಿಸಿದರು. "ನಾಲ್ಕನೇ ಸಲ ಜ್ವರ ಅಂತೆ, ಮೂಲೆಯಲ್ಲಿ ಮಲಗಿದವರು ಏಳುವುದಿಲ್ಲ ಅಂತೆ, ಗುಂಡಿಗೂ ಹಾಕಿ ಆಯ್ತಂತೆ. ನೀವು ನರ್ಸ್ ಕಲಿತವರು. ಇಲ್ಲಿ ಐಸ್‌ಕ್ರೀಂ ತಿನ್ನುವುದಾ? ನಾನು ಈಗಲೇ ಬಸ್ ಸ್ಟ್ಯಾಂಡಿಗೆ ಬಿಡ್ತೇನೆ. ಬಾಡಿಗೆ ಗೀಡಿಗೆ ಎಂತದೂ ಬೇಡ."

ಫೋನಿನೊಳಗಿಂದ ಅವ್ವ, "ಯಾರವ್ವಾ ಅದು? ಯಾಕಂಗ್ ಬೈತಾವ್ನೆ?"

"ಡ್ರೈವರಣ್ಣ ಕಣವ್ವಾ. ಮನೇಲಿ ಮಕ್ಳು ಸತ್ತೋದ್ವು ಅನ್ಕಂಡವ್ರೆ."

ಅವ್ವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನಕ್ಕಳು. ಅವ್ವ ಹಾಗೆ ನಗುವುದನ್ನು ಕೇಳಿ ಎಷ್ಟೋ ದಿನವಾಗಿತ್ತು, ಕಾರು ತುಂಬ ಆ ನಗು. "ಅಣ್ಣಾ, ಹುಳ ಕಣಣ್ಣಾ, ರೇಸ್ಮೆ ಹುಳ. ನನ್ ಮಗಳ್ನ ಬೈಬೇಡಪ್ಪ" ಅಂದಳು. ಸೊಪ್ಪು ಬಂತು ಅಂತ ಫೋನು ಇಟ್ಟಳು.

ಡ್ರೈವರು ಜೇಬಿನ ಬಾಚಣಿಗೆ ತೆಗೆದು, ಬಾಚದೆ, ಮತ್ತೆ ಇಟ್ಟುಕೊಂಡರು.

"ಹುಳಕ್ಕೆ ಜ್ವರವಾ?"

"ಹೂಂ ಅಣ್ಣ."

"ಮದ್ದು ಎಂತ ಕೊಡ್ತೀರಿ?"

"ಸುಣ್ಣ. ಮೇಲಿಂದ ಉದುರಿಸ್ತೀವಿ."

"ದೇವರೇ" ಅಂದು ಗಾಡಿ ಹೊರಡಿಸಿದರು. ಸೇತುವೆ ದಾಟಿ ಎಡಕ್ಕೆ ತಿರುಗುವವರೆಗೆ ಅವರು ತಮ್ಮಷ್ಟಕ್ಕೆ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಗು ಮುಗಿದ ಮೇಲೆ, ಕನ್ನಡಿಯಲ್ಲಿ ನನ್ನನ್ನು ನೋಡಿ, ಮೆಲ್ಲಗೆ ಕೇಳಿದರು. "ಹಾಗಾದ್ರೆ ಅಮ್ಮ ಇವತ್ತು ಬಾರದ್ದು ಆ ಹುಳಗಳಿಗೋಸ್ಕರ, ಅಲ್ವಾ?"

ಹೌದು ಅಂದೆ. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಬೇರೆಯೇ ಥರ ಇತ್ತು. ಆ ಹುಳ ಮೇಯ್ದದ್ದಕ್ಕೇ ನಾನು ಓದಿದ್ದು, ಅವು ಒಂದು ಹೊತ್ತು ಉಪವಾಸ ಬಿದ್ದಿದ್ದರೆ ನಾನು ಅನಾಟಮಿಗೆ ಮತ್ತೆ ಕಟ್ಟಲು ಆಗುತ್ತಿರಲಿಲ್ಲ ಅಂತ ಹೇಳಬಹುದಿತ್ತು. ಪಕ್ಕದ ಫೋಲ್ಡರನ್ನು ತೊಡೆ ಮೇಲೆ ಎತ್ತಿಕೊಂಡೆ.

ತಣ್ಣೀರುಬಾವಿಯಲ್ಲಿ ಗಾಳಿಮರಗಳ ಕೆಳಗೆ ಕಾರು ನಿಲ್ಲಿಸಿದರು. ನಾನು ಇಳಿಯಲಿಲ್ಲ. ಕಾಣದಿದ್ದರೂ ಸದ್ದು ಬರುತ್ತಿತ್ತು. ಇಳಿಯಿರಿ ಅಂತ ಅವರು ಒತ್ತಾಯ ಮಾಡಲಿಲ್ಲ, ಮೀನು ಹುರಿಯುವ ಅಂಗಡಿ ಕಡೆ ಹೋಗಿ ಯಾರ ಜೊತೆಗೋ ತುಳುವಿನಲ್ಲಿ ಮಾತಿಗೆ ನಿಂತರು. 'ಜ್ವರ' ಅನ್ನುವ ಮಾತು ಬಂದು ಎಲ್ಲರೂ ನಕ್ಕಿದ್ದು ಕೇಳಿಸಿತು.

ಕಣ್ಣು ಮುಚ್ಚಿ ಕೂತೆ. ಆ ಸದ್ದು ನನಗೆ ಗೊತ್ತಿತ್ತು. ಎಲ್ಲಿಯದು ಅಂತ ಹೊಳೆಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಸೊಪ್ಪು ಹಾಕಿ, ದೀಪ ಆರಿಸಿ ನಿಂತರೆ ಮನೆಯೆಲ್ಲ ಅದೇ ಸದ್ದು. ನಿಲ್ಲದೆ, ಉಸಿರು ಬಿಡದೆ, ಎಲ್ಲ ಕಡೆಯಿಂದಲೂ. ಚಿಕ್ಕವಳಿದ್ದಾಗ ಮಳೆ ಬಂತು ಅಂತ ಎದ್ದು ಕೂರುತ್ತಿದ್ದೆ, ಅವ್ವ "ಮಳೆ ಅಲ್ಲ ಮಗ, ಮೇಯ್ತಾ ಅವೆ, ಮನೀಕೊ" ಅನ್ನುತ್ತಿದ್ದಳು.

ಅವ್ವನಿಗೆ ಫೋನು ಮಾಡಿದೆ.

"ಅವ್ವಾ, ಕೇಳುಸ್ಕೊ."

ಇಳಿದು, ಮರಗಳ ಅಂಚಿನವರೆಗೆ ಹೋಗಿ, ತಲೆ ತಗ್ಗಿಸಿ, ಕಾಲ ಹೆಬ್ಬೆರಳು ನೋಡುತ್ತ ಫೋನನ್ನು ಮುಂದಕ್ಕೆ ಚಾಚಿದೆ. ಆಚೆ ಕಡೆಯಿಂದ ಮಾತಿಲ್ಲ. ಕಟ್ಟಾಯಿತೇನೋ ಅಂತ ಕಿವಿಗೆ ತಂದರೆ ಅಲ್ಲೂ ಅದೇ ಸದ್ದು. ಅವ್ವ ತನ್ನ ಫೋನನ್ನು ಹುಳಗಳ ಮೇಲೆ ಹಿಡಿದಿದ್ದಳು.

"ನೋಡ್ದಾ, ಎರಡೂ ಒಂದೇ ಥರ ಅವೆ" ಅಂದಳು ಅವ್ವ. "ನೀ ನೋಡ್ದಾ?"

"ಇಲ್ಲ ಕಣವ್ವಾ. ತಲೆ ಬಗ್ಗಿಸ್ಕಂಡಿವ್ನಿ."

"ಅಯ್ಯೋ ಹುಚ್ಚಿ. ಅಲ್ಲೀಗಂಟ ಹೋಗಿ ಯಾರಾದ್ರೂ ತಲೆ ಬಗ್ಗಿಸ್ತಾರಾ? ನೋಡು. ನೀರಿಗಿಳೀಬೇಡ, ಅಷ್ಟೇ. ಅದ ನಂಗ್ ಮಡಗು."

ತಲೆ ಎತ್ತಿದೆ. ಹೇಗಿತ್ತು ಅಂತ ಬರೆಯಲು ಬರುವುದಿಲ್ಲ. ಆಚೆ ದಡ ಇರಲಿಲ್ಲ, ಅಷ್ಟು ಹೇಳಬಲ್ಲೆ. ನನ್ನ ಸುತ್ತ ಜನ ಇದ್ದರು, ಗಾಳಿಪಟ, ಚುರುಮುರಿ, ನೀರಲ್ಲಿ ಬಿದ್ದು ಎದ್ದು ಕಿರುಚುವ ಮಕ್ಕಳು. ಫೋನು ಕಟ್ಟಾಗಿತ್ತು. ಅಷ್ಟು ದೊಡ್ಡದನ್ನು ನೋಡುತ್ತ 'ಅಬ್ಬಾ' ಅನ್ನುವುದಕ್ಕೂ ಪಕ್ಕದಲ್ಲೊಬ್ಬರು ಬೇಕು. ಒಣ ಮರಳಿನ ಮೇಲೆ, ಒದ್ದೆ ಶುರುವಾಗುವ ಗೆರೆಗೆ ತುಸು ಹಿಂದೆ, ಫೋಲ್ಡರ್ ಎದೆಗೆ ಅವಚಿಕೊಂಡು ಕತ್ತಲಾಗುವವರೆಗೆ ನಿಂತಿದ್ದೆ. ಅಲೆ ಹತ್ತಿರ ಬಂದಾಗಲೆಲ್ಲ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದೆ. ದೂರದಿಂದ ಡ್ರೈವರು ಒಂದು ಫೋಟೋ ತೆಗೆದರು. ನಡುವಿಗೆ ಬನ್ನಿ ಅನ್ನಲಿಲ್ಲ.

ಬಸ್ಸು ಹಿಡಿದು, ಮೈಸೂರಲ್ಲಿ ಬದಲಾಯಿಸಿ, ಮಾರನೇ ದಿನ ಬೆಳಿಗ್ಗೆ ಚನ್ನಪಟ್ಟಣಕ್ಕೆ ಬಂದೆ. ಅಲ್ಲಿಂದ ನಮ್ಮೂರ ಬಸ್ಸು. ಯಾರೂ ಕರೆದುಕೊಂಡು ಹೋಗಲು ಬಂದಿರಲಿಲ್ಲ, ಬರುತ್ತಾರೆ ಅಂತ ನಾನು ಅಂದುಕೊಂಡೂ ಇರಲಿಲ್ಲ. ಜಗಲಿ ಖಾಲಿ. ಹಿತ್ತಲ ಕಡೆ ಹೋದೆ. ಹುಳದ ಮನೆ ಬಾಗಿಲಲ್ಲಿ ಸೊಪ್ಪಿನ ಹೊರೆ, ಅದರ ಪಕ್ಕ ದೊಡ್ಡಪ್ಪ, ಹೊಸ್ತಿಲಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ. ನಾಲ್ಕು ವರ್ಷ ವಾರ್ಡಿನಲ್ಲಿ ಉಸಿರಾಡಿದ ಅದೇ ವಾಸನೆ.

ಅವ್ವ ಒಳಗಿಂದ ಬಂದಳು. ತಲೆಗೆ ಬಟ್ಟೆ ಸುತ್ತಿದ್ದಳು, ಕಣ್ಣ ಕೆಳಗೆ ಕಪ್ಪು. ನನ್ನನ್ನು ನೋಡಿ ಎರಡು ಹೆಜ್ಜೆ ಮುಂದೆ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಒಳಕ್ ಬರ್ಬೇಡ ಕಣವ್ವಾ. ಆಸ್ಪತ್ರೆ, ಬಸ್ಸು ಎಲ್ಲಾ ಮುಟ್ಕಂಡ್ ಬಂದಿದ್ದೀಯ. ಹುಳಕ್ಕಾಗಕಿಲ್ಲ."

ಗೊತ್ತು ಅಂದೆ. ಗೊತ್ತಿರುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಫೋಲ್ಡರ್ ಚಾಚಿದೆ. ಅವ್ವ ತೊಳೆದ ಕೈಗಳನ್ನು ಮೇಲೆ ಎತ್ತಿ ಹಿಡಿದುಕೊಂಡಳು, ಆಪರೇಷನ್ನಿಗೆ ನಿಂತ ಡಾಕ್ಟರ ಹಾಗೆ. ಮುಟ್ಟುವ ಹಾಗಿಲ್ಲ. ಇಬ್ಬರ ಮಧ್ಯೆ ಹೊಸ್ತಿಲು.

ದೊಡ್ಡಪ್ಪ ಎದ್ದರು. ಬೀಡಿ ಕೆಳಗೆ ಹಾಕಿ ತುಳಿದರು. ಹೆಗಲ ಟವೆಲ್ಲಿಗೆ ಕೈ ಒರೆಸಿ, ಮತ್ತೆ ಒರೆಸಿ, ಎರಡೂ ಕೈ ಒಡ್ಡಿದರು. ಸರ್ಟಿಫಿಕೇಟನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಬಿಚ್ಚಿ, ತಲೆಕೆಳಗಾಗಿಲ್ಲವೇ ಅಂತ ನನ್ನ ಮುಖ ನೋಡಿ, ಅವ್ವನಿಗೆ ಕಾಣುವ ಹಾಗೆ ಬಾಗಿಲ ಚೌಕಟ್ಟಿನ ಮಧ್ಯೆ ಎತ್ತಿ ಹಿಡಿದರು. ಅವ್ವ ಕಣ್ಣು ಕಿರಿದು ಮಾಡಿ ಉದ್ದಕ್ಕೂ ಅಡ್ಡಕ್ಕೂ ನೋಡಿದಳು. ಒಳಗೆ ಹುಳ ಮೇಯುವ ಸದ್ದು.

"ಏನವ್ವಾ" ಅಂದರು ದೊಡ್ಡಪ್ಪ, ಕಾಗದ ಇಳಿಸದೆ. "ಒಂದ್ ಚಂದ್ರಿಕೆ ಖಾಲಿ ಮಡಗು. ನಾನೂ ಹತ್ಬೇಕಾಗೈತೆ."

"ಬೀಡಿ ವಾಸ್ನೆಗೆ ಹುಳವೆಲ್ಲಾ ಸತ್ತೋದಾವು ಬಾವ. ನೀವು ಆಚೇಲೇ ಕಟ್ಕಳಿ" ಅಂದಳು ಅವ್ವ. ಆಮೇಲೆ ನನ್ನ ಕಾಲು ನೋಡಿದಳು. "ನೀರಿಗಿಳೀನಿಲ್ಲ ತಾನೆ?"

"ಇಲ್ಲ ಕಣವ್ವಾ."

"ಗೂಡ್ ಬಿಡ್ಸಿದ್ ಮಾರ್ನೇ ದಿನ ಹೋಗಾನ. ಈ ಸಲ ಜ್ವರ ಗಿರ ಅನ್ನಕಿಲ್ಲ."